ನಿಮಿಷಕ್ಕೆ ಲಕ್ಷ ಸುತ್ತು, ಅದಕ್ಕೊಂದು ಪಾಸ್‌ಬುಕ್

ನಾನು ಓದಿದ್ದು ಬಿ.ಕಾಂ., ಮಾಡುತ್ತಿರುವುದು ಬ್ಯಾಂಕ್ ಕೆಲಸ. ಸ್ಕೂಟರಿನ ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಹಾಕುವುದಕ್ಕಿಂತ ದೊಡ್ಡ ಮೆಕ್ಯಾನಿಕ್ ವಿದ್ಯೆ ನನ್ನ ಕೈಗೆ ಬಂದಿಲ್ಲ. ಅಂಥವನು ಈ ಸಲ ಟರ್ಬೋಚಾರ್ಜರ್ ಬಗ್ಗೆ ಬರೆಯುತ್ತೇನೆ ಅಂದರೆ ನೀವು ನಗಬಹುದು. ನಮ್ಮ ಮನೆಯಲ್ಲಂತೂ ನಕ್ಕಾಯಿತು. "ಲೋನ್ ಬಗ್ಗೆ ಬರೀರಿ, ಅದಾದ್ರೂ ನಿಮಗೆ ಗೊತ್ತು" ಅಂದಳು ನನ್ನಾಕೆ. ಇದು ಲೋನ್ ಕಥೆಯೂ ಹೌದು ಮಾರಾಯ್ತಿ ಅಂದೆ.

ನಾಸಿಕ್ ಅಂದರೆ ಊರಿನ ಕಡೆಯವರಿಗೆ ನೆನಪಾಗುವುದು ಪಂಚವಟಿ, ತ್ರ್ಯಂಬಕೇಶ್ವರ, ದ್ರಾಕ್ಷಿ, ಈರುಳ್ಳಿ. ಇಲ್ಲಿ ಇಪ್ಪತ್ತೇಳು ವರ್ಷದಿಂದ ಸಂಸಾರ ಹೂಡಿರುವ ನಮ್ಮಂಥವರಿಗೆ ಇದು ಕಾರ್ಖಾನೆಗಳ ಊರು ಕೂಡ. ಸಾತ್ಪುರ, ಅಂಬಡ್, ಸಿನ್ನರ್ ಅಂತ ಮೂರು ದಿಕ್ಕಿಗೂ ಎಂಐಡಿಸಿ. ಬೆಂಗಳೂರಿನ ಆಡುಗೋಡಿಯ ಮೈಕೋ ಗೊತ್ತಲ್ಲ, ಅದರ ಇನ್ನೊಂದು ಕಾರ್ಖಾನೆ ಇರುವುದು ಇಲ್ಲೇ. ಡೀಸೆಲ್ ಇಂಜಿನ್ನಿನ ಇಂಜೆಕ್ಟರು, ನಾಜಲ್ಲು ಅಲ್ಲಿ ತಯಾರಾಗುತ್ತವೆ. 2008ರಲ್ಲಿ ಮೈಕೋ ಹೋಗಿ ಬಾಷ್ ಆಯಿತು, ಆದರೆ ಹಳಬರ ಬಾಯಲ್ಲಿ ಈಗಲೂ ಅದು ಮೈಕೋನೇ. ಮಹೀಂದ್ರಾದ ಸ್ಕಾರ್ಪಿಯೋ 2002ರಲ್ಲಿ ಮೊದಲು ಹೊರಬಿದ್ದದ್ದು ನಾಸಿಕ್ಕಿನಿಂದ. ಅವರ ಇಂಜಿನ್ ಕಾರ್ಖಾನೆ ಹತ್ತಿರದ ಇಗತ್‌ಪುರಿಯಲ್ಲಿ.

ಇನ್ನು ಪೂರ್ವಕ್ಕೆ ಸುಮಾರು ನೂರೆಂಬತ್ತು ಕಿಲೋಮೀಟರ್ ಹೋದರೆ ಛತ್ರಪತಿ ಸಂಭಾಜಿನಗರ. ನಾನು ಅಲ್ಲಿನ ಶಾಖೆಯಲ್ಲಿ ನಾಲ್ಕು ವರ್ಷ ಇದ್ದಾಗ ಅದು ಔರಂಗಾಬಾದ್. 2023ರಲ್ಲಿ ಹೆಸರು ಬದಲಾಯಿತು. ವಾಳೂಜ್‌ನಲ್ಲಿ ಬಜಾಜ್, ಶೇಂದ್ರಾದಲ್ಲಿ ಸ್ಕೋಡಾ, ಅದೇ ಶೇಂದ್ರಾದಲ್ಲಿ 2015ರಿಂದ ಪರ್ಕಿನ್ಸ್‌ನವರ ದೊಡ್ಡ ಜನರೇಟರ್ ಇಂಜಿನ್‌ಗಳು. ಒಟ್ಟಿನಲ್ಲಿ ಈ ಎರಡು ಊರುಗಳ ನಡುವಿನ ರಸ್ತೆಯಲ್ಲಿ ಹಗಲೂ ರಾತ್ರಿ ಓಡುವುದು ಉಕ್ಕು, ಬಿಡಿಭಾಗ, ಮತ್ತು ಅವುಗಳನ್ನು ಹೊತ್ತ ಲಾರಿಗಳು. ಅಂಥ ಲಾರಿಗಳಿಗೆ ಸಾಲ ಕೊಡುವುದು ನಮ್ಮಂಥ ಬ್ಯಾಂಕುಗಳು.

ಇದು 2021ರ ಮಾತು. ಮಳೆಗಾಲ ಮುಗಿಯುತ್ತಾ ಬಂದಿತ್ತು. ನಮ್ಮ ಶಾಖೆಯ ಒಂದು ಲಾರಿ ಸಾಲದ ಖಾತೆ ಎಸ್‌ಎಂಎ-1ಕ್ಕೆ ಇಳಿಯಿತು. ಬ್ಯಾಂಕಿನವರಲ್ಲದವರಿಗೆ ಹೇಳುವುದಾದರೆ, ಕಂತು ತಪ್ಪಿ ಮೂವತ್ತು ದಿನ ದಾಟಿದೆ ಅಂತ ಅರ್ಥ. ಅರವತ್ತು ದಾಟಿದರೆ ಎಸ್‌ಎಂಎ-2, ತೊಂಬತ್ತು ದಾಟಿದರೆ ಎನ್‌ಪಿಎ. ಆಮೇಲೆ ನಮಗೂ ನಿದ್ದೆ ಇಲ್ಲ, ಅವರಿಗೂ ಇಲ್ಲ. ಲಾರಿಯ ಮಾಲೀಕ ದೊಡ್ಡ ಟ್ರಾನ್ಸ್‌ಪೋರ್ಟರ್ ಏನಲ್ಲ, ಎರಡೇ ಗಾಡಿ ಇಟ್ಟುಕೊಂಡಿದ್ದ ಮರಾಠಿ ಮನುಷ್ಯ. ಕರೋನಾ ಹೊಡೆತ ತಿಂದು ಆಗಷ್ಟೇ ಎದ್ದು ಕೂತಿದ್ದ. ವಿಚಾರಿಸಲು ಹೋದರೆ ಆತನ ಒಂದೇ ಮಾತು, "ಸಾಹೇಬ್, ಟರ್ಬೋ ಉಡಾಲಾ." ಎಂಟು ತಿಂಗಳಲ್ಲಿ ಎರಡನೇ ಟರ್ಬೋ. ಹೊಸದು ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಕಂತು ಹೋಯಿತು. ಗಾಡಿ ನಿಂತ ದಿನಗಳ ಬಾಡಿಗೆಯೂ ಹೋಯಿತು.

ಗಾಡಿ ರಿಪೇರಿ ಮಾಡಿದ ವರ್ಕ್‌ಶಾಪಿನವರು ಕಾಗದದಲ್ಲಿ ಕಾರಣ ಬರೆದುಕೊಟ್ಟಿದ್ದರು: ಚಾಲಕನ ತಪ್ಪು. ಘಾಟಿ ಏರಿ ಕೆಂಡವಾದ ಇಂಜಿನ್ನನ್ನು ನಿಲ್ಲಿಸಿದ ತಕ್ಷಣ ಆಫ್ ಮಾಡುತ್ತಾನೆ, ಹಾಗಾಗಿ ಬೇರಿಂಗ್ ಸುಟ್ಟಿದೆ. ವಾರಂಟಿ ಮುಗಿದಿತ್ತು, ಅಲ್ಲಿಗೆ ಅವರ ಜವಾಬ್ದಾರಿಯೂ ಮುಗಿಯಿತು. ಮಾಲೀಕ ಡ್ರೈವರನ ಪಗಾರದಲ್ಲಿ ಕಡಿತ ಶುರು ಮಾಡಿದ್ದ. ತಿಂಗಳ ಕೊನೆಗೆ ಬಿಡಿಸಿಬಿಡುತ್ತೇನೆ ಅಂತಲೂ ಹೇಳಿದ್ದ.

ಡ್ರೈವರ್ ವಿಜಾಪುರ ಜಿಲ್ಲೆಯ ಇಂಡಿ ಕಡೆಯವನು. ನಾನು ಕನ್ನಡದವನು ಅಂತ ಗೊತ್ತಾದ ಮೇಲೆ ಆತ ಬಾಯಿ ಬಿಟ್ಟ.

"ಸಾಹೇಬ್ರ, ಹದಿನೆಂಟ್ ವರ್ಷ ಆತ್ರಿ ಗಾಡಿ ಹೊಡ್ಯಾಕತ್ತು. ಘಾಟ್ ಏರಿ ಬಂದ್ ಮ್ಯಾಲ ಮೂರ್ ಮಿಂಟ್ ಇಂಜಿನ್ ಹಂಗ ಬಿಟ್ಟ ಆಮ್ಯಾಲ ಬಂದ್ ಮಾಡ್ತೀನ್ರಿ. ಪಿಕಪ್ ಇಲ್ಲ, ಕರೀ ಹೊಗಿ ಬರಾಕತ್ತೈತಿ ಅಂತ ಎರಡ್ ತಿಂಗಳಿಂದ ಹೇಳಾಕತ್ತೀನಿ, ಯಾರೂ ಕೇಳವಲ್ರು."

ಆತನ ಮಾತು ನಿಜವೋ ಸುಳ್ಳೋ ನನಗೆ ಹೇಗೆ ಗೊತ್ತಾಗಬೇಕು? ಆದರೆ ಒಂದು ಲೆಕ್ಕ ಮಾತ್ರ ಸ್ಪಷ್ಟವಿತ್ತು. ತಪ್ಪು ಡ್ರೈವರನದ್ದಲ್ಲದಿದ್ದರೆ ಹೊಸ ಡ್ರೈವರ್ ಬಂದರೂ ಮೂರನೇ ಟರ್ಬೋ ಹೋಗುತ್ತದೆ, ಅದರ ಜೊತೆ ನನ್ನ ಖಾತೆಯೂ ಹೋಗುತ್ತದೆ.

ಇಲ್ಲಿ ಸ್ವಲ್ಪ ನಿಂತು ಟರ್ಬೋ ಅಂದರೇನು ಅಂತ ನನಗೆ ಅರ್ಥವಾದಷ್ಟು ಹೇಳಿಬಿಡುತ್ತೇನೆ. ಡೀಸೆಲ್ ಉರಿದು ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ ಶುದ್ಧ ಲಾಸು. ಆ ಹೊಗೆಯ ದಾರಿಯಲ್ಲಿ ಒಂದು ಚಕ್ರ ಇಟ್ಟು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಗೆ ಇನ್ನೊಂದು ಚಕ್ರ ಕೂರಿಸಿ, ಆ ಎರಡನೇ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬಿದರೆ? ಹೆಚ್ಚು ಗಾಳಿ, ಹೆಚ್ಚು ಡೀಸೆಲ್, ಅಷ್ಟೇ ಗಾತ್ರದ ಇಂಜಿನ್ನಿನಿಂದ ಹೆಚ್ಚು ಬಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅನ್ನುವ ಇಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದ.

ಹೊಗೆಯ ಕಡೆಯದ್ದು ಟರ್ಬೈನ್, ಗಾಳಿಯ ಕಡೆಯದ್ದು ಕಂಪ್ರೆಸರ್, ನಡುವೆ ಬೆರಳಿನಷ್ಟು ದಪ್ಪದ ದಂಡ. ಒಂದು ಕಡೆ ಡೀಸೆಲ್ ಗಾಡಿಯಲ್ಲಿ ಏಳು ನೂರು ಡಿಗ್ರಿ ಮೀರುವ ಬೆಂಕಿ ಹೊಗೆ, ಇನ್ನೊಂದು ಕಡೆ ಹೊರಗಿನ ತಂಪು ಗಾಳಿ. ದಂಡ ಕೂತಿರುವುದು ಬೇರಿಂಗಿನ ಮೇಲಲ್ಲ, ನಿಜವಾಗಿ ನೋಡಿದರೆ ಬೇರಿಂಗಿನೊಳಗಿನ ತೆಳುವಾದ ಎಣ್ಣೆ ಪದರದ ಮೇಲೆ. ಅದು ತಿರುಗುವ ವೇಗ ಲಾರಿಗಳಲ್ಲಿ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು. ಸಣ್ಣ ಕಾರುಗಳ ಪುಟ್ಟ ಟರ್ಬೋ ಎರಡು ಲಕ್ಷವನ್ನೂ ದಾಟುತ್ತದೆ. ಇಂಜಿನ್ ಮಾತ್ರ ಎರಡು ಸಾವಿರದಲ್ಲೇ ಇರುತ್ತದೆ!

ಈ ಲೆಕ್ಕ ನಂಬಲಾಗದೆ ನಾನೇ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಎಪ್ಪತ್ತು ಮಿಲಿಮೀಟರ್ ಅಗಲದ ಚಕ್ರ, ನಿಮಿಷಕ್ಕೆ 1,20,000 ಸುತ್ತು, ಅಂದರೆ ಸೆಕೆಂಡಿಗೆ 2,000. ಚಕ್ರದ ಅಂಚು ಸೆಕೆಂಡಿಗೆ ಸುಮಾರು 440 ಮೀಟರ್ ಓಡುತ್ತದೆ. ಗಾಳಿಯಲ್ಲಿ ಶಬ್ದ ಓಡುವುದು ಸುಮಾರು 343 ಮೀಟರ್. ಲಾರಿ ಘಾಟಿಯಲ್ಲಿ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ತೆವಳುತ್ತಿರುವಾಗ ಅದರ ಬಾನೆಟ್ಟಿನೊಳಗೆ ಶಬ್ದಕ್ಕಿಂತ ಜೋರಾಗಿ ಓಡುವ ವಸ್ತುವೊಂದು ಇದೆ ಅಂದ ಹಾಗಾಯಿತು.

ಅಂಬಡ್‌ನಲ್ಲಿ ಟರ್ಬೋ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದಾನೆ. ಬ್ಯಾಲೆನ್ಸಿಂಗ್ ಮಷೀನಿಗೆ ನಮ್ಮಲ್ಲೇ ಸಾಲ ತೆಗೆದು ಸರಿಯಾಗಿ ಕಟ್ಟುತ್ತಿದ್ದವನು. ಕೆಟ್ಟ ಟರ್ಬೋವನ್ನು ಅವನ ಹತ್ತಿರ ಬಿಚ್ಚಿಸಿದೆವು. ಬೇರಿಂಗ್ ಕಪ್ಪಾಗಿದ್ದದ್ದು ನಿಜ. ಆದರೆ ಆತ ಕಂಪ್ರೆಸರ್ ಚಕ್ರವನ್ನು ತಿರುಗಿಸಿ ಬೆನ್ನು ತೋರಿಸಿದ. ನುಣ್ಣಗಿರಬೇಕಾದ ಅಲ್ಯುಮಿನಿಯಂ ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಉಬ್ಬು ತಗ್ಗು. "ಸಾಬ್, ಯೇ ತೇಲ್ ಕಾ ಕೇಸ್ ನಹೀ ಹೈ. ಯೇ ಜ್ಯಾದಾ ಘೂಮಾ ಹೈ" ಅಂದ. ಮಿತಿ ಮೀರಿ ತಿರುಗಿದಾಗ ಲೋಹ ಹಿಗ್ಗಿ ಹಿಗ್ಗಿ ಬೆನ್ನಿನ ಮೇಲೆ ಹೀಗೆ ಗುರುತು ಬರುತ್ತದಂತೆ.

ಎಷ್ಟು ಜಾಸ್ತಿ ತಿರುಗಿದರೆ ಎಷ್ಟು ಅಪಾಯ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಚಕ್ರದ ಮೇಲೆ ಬೀಳುವ ಎಳೆತ ವೇಗದ ವರ್ಗದ ಹಾಗೆ ಏರುತ್ತದೆ. ಶೇಕಡ 10 ವೇಗ ಹೆಚ್ಚಾದರೆ ಎಳೆತ ಶೇಕಡ 21 ಹೆಚ್ಚು. ನನಗೆ ಇದು ಥಟ್ಟನೆ ಅರ್ಥವಾಯಿತು, ಯಾಕೆಂದರೆ ಇದು ಶೇಕಡ 10ರ ಚಕ್ರಬಡ್ಡಿ ಎರಡು ವರ್ಷಕ್ಕೆ! ಸಾಲಗಾರನೂ ಹೀಗೆಯೇ ಒಡೆಯುವುದು.

ಆದರೆ ಮಿಸ್ತ್ರಿಯ ಮಾತು ವರ್ಕ್‌ಶಾಪಿನ ಲೆಟರ್‌ಹೆಡ್ ಎದುರು ನಿಲ್ಲುವುದಿಲ್ಲ. ಒಬ್ಬರ ಅಭಿಪ್ರಾಯಕ್ಕೆ ಇನ್ನೊಬ್ಬರ ಅಭಿಪ್ರಾಯ ಅಷ್ಟೇ. ಬೇಕಾಗಿದ್ದು ಅಂಕಿ.

ನನ್ನ ಅಕ್ಕನ ಮಗ ವಾಳೂಜ್‌ನಲ್ಲಿ ಇಂಜಿನ್ ಟೆಸ್ಟಿಂಗ್ ಮಾಡುವ ಒಂದು ಕಡೆ ಕೆಲಸದಲ್ಲಿದ್ದಾನೆ. ರ್‍ಯಾಲಿ ಕಾರುಗಳ ಹುಚ್ಚು. ನಾಸಿಕ್ಕಿನಲ್ಲಿ ಆ ಹುಚ್ಚಿನವರು ಬಹಳ, ರ್‍ಯಾಲಿ ಆಫ್ ಮಹಾರಾಷ್ಟ್ರ ನಡೆಯುತ್ತಿದ್ದದ್ದೂ ಇಲ್ಲೇ. ಹಾಗಾಗಿ ಶನಿವಾರ ಭಾನುವಾರ ನಮ್ಮ ಮನೆಗೆ ಬಂದು ಊಟ ಮಾಡಿ ಗೆಳೆಯರ ಗ್ಯಾರೇಜಿಗೆ ಓಡುವುದು ಅವನ ರೂಢಿ. ಅವನಿಗೆ ವಿಷಯ ಹೇಳಿದೆ.

"ಮಾವ, ಇದಕ್ಕೆ ಜಗಳ ಯಾಕೆ? ಶಾಫ್ಟ್ ಎಷ್ಟು ತಿರುಗತ್ತೆ ಅಂತ ಅಳೆದುಬಿಡೋಣ. ನನ್ನ ಹತ್ರ ಸೆನ್ಸರೂ ಇದೆ, ಲಾಗರೂ ಇದೆ" ಅಂದ.

"ಲಕ್ಷ ಸುತ್ತು ಯಾರಪ್ಪ ಎಣಿಸ್ತಾರೆ?"

"ನಿಮ್ಮ ಕ್ಯಾಷಿಯರ್ ನೋಟು ಎಣಿಸಲ್ವಾ, ಹಾಗೇ."

ಅವನು ವಿವರಿಸಿದ ಮೇಲೆ ಅದು ತಮಾಷೆಯಲ್ಲ ಅಂತ ಗೊತ್ತಾಯಿತು. ನಮ್ಮ ಕೌಂಟರಿನ ನೋಟೆಣಿಸುವ ಯಂತ್ರ ಮಾಡುವುದೇನು? ಪ್ರತಿ ನೋಟು ಹಾದುಹೋಗುವಾಗ ಬೆಳಕು ಒಮ್ಮೆ ತಡೆದು ಬಿಡುತ್ತದೆ, ಆ ತಡೆಗಳನ್ನು ಎಣಿಸುತ್ತದೆ. ಇಲ್ಲಿ ನೋಟಿನ ಬದಲು ಚಕ್ರದ ರೆಕ್ಕೆ. ಕಂಪ್ರೆಸರಿನ ಕವಚಕ್ಕೆ ಒಂದು ತೂತು ಕೊರೆದು, ಪೆನ್ಸಿಲ್ ದಪ್ಪದ ಸೆನ್ಸರನ್ನು ಅದರ ಮೂತಿ ಒಳಗೋಡೆಗೆ ಸಮನಾಗಿ ಕೂರುವ ಹಾಗೆ ಬಿಗಿಯಬೇಕು. ಹೆಚ್ಚು ಒಳಗೆ ಹೋದರೆ ರೆಕ್ಕೆಗೆ ತಾಗಿ ಎಲ್ಲ ಪುಡಿ. ಹಿಂದೆ ಉಳಿದರೆ ರೆಕ್ಕೆ ಅದಕ್ಕೆ ಕಾಣುವುದಿಲ್ಲ. ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ.

ರೆಕ್ಕೆಗಳು ಅಲ್ಯುಮಿನಿಯಂ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹಾಗಾಗಿ ಸಾಮಾನ್ಯ ಅಯಸ್ಕಾಂತದ ಸೆನ್ಸರ್ ಇಲ್ಲಿ ನಡೆಯುವುದಿಲ್ಲ. ಈ ಸೆನ್ಸರಿನ ಮೂತಿಯಲ್ಲಿ ಒಂದು ಪುಟ್ಟ ಸುರುಳಿ, ಅದರಲ್ಲಿ ಬಹಳ ಬೇಗ ಬೇಗ ದಿಕ್ಕು ಬದಲಿಸುವ ವಿದ್ಯುತ್ತು. ಲೋಹದ ರೆಕ್ಕೆ ಹತ್ತಿರ ಬಂದಾಗ ಅದರೊಳಗೆ ನೀರಿನ ಸುಳಿಯ ಹಾಗೆ ವಿದ್ಯುತ್ತಿನ ಸುಳಿ ಏಳುತ್ತದೆ. ಇಂಗ್ಲಿಷಿನವರು ಎಡ್ಡಿ ಕರೆಂಟ್ ಅಂತಾರೆ. ಆ ಸುಳಿ ಸುರುಳಿಯ ಮೇಲೆ ಪ್ರಭಾವ ಬೀರುತ್ತದೆ. ರೆಕ್ಕೆಗೊಂದು ಮಿಡಿತ. ಮಿಡಿತಗಳನ್ನು ಎಣಿಸಿ ರೆಕ್ಕೆಗಳ ಸಂಖ್ಯೆಯಿಂದ ಭಾಗಿಸಿದರೆ ಸುತ್ತು ಸಿಕ್ಕಿತು. ನಮ್ಮ ಯಂತ್ರ ನಿಮಿಷಕ್ಕೆ ಸಾವಿರ ನೋಟು ಎಣಿಸಿದರೆ ನಾವು ಹೆಮ್ಮೆ ಪಡುತ್ತೇವೆ. ಹದಿನಾಲ್ಕು ರೆಕ್ಕೆಯ ಚಕ್ರ 1,20,000 ಸುತ್ತಿನಲ್ಲಿದ್ದರೆ ಸೆನ್ಸರ್ ಎಣಿಸಬೇಕಾದದ್ದು ಸೆಕೆಂಡಿಗೆ 28,000!

ಈ ಭಾಗಾಕಾರದಲ್ಲೇ ಮೊದಲ ದಿನ ಗಡಿಬಿಡಿ ಆಯಿತು. ಚಕ್ರದಲ್ಲಿ ಏಳು ಉದ್ದ ರೆಕ್ಕೆ, ಅವುಗಳ ನಡುವೆ ಏಳು ಗಿಡ್ಡ ರೆಕ್ಕೆ. ಹುಡುಗ ಪೆಟ್ಟಿಗೆಗೆ ಏಳು ಅಂತ ಹೇಳಿಟ್ಟಿದ್ದ. ಸೆನ್ಸರ್ ಕೂತ ಜಾಗದಲ್ಲಿ ಗಿಡ್ಡ ರೆಕ್ಕೆಯೂ ಹಾದುಹೋಗುತ್ತಿತ್ತು. ಎಂಐಡಿಸಿ ರಸ್ತೆಯಲ್ಲಿ ಒಂದು ಸುತ್ತು ಬಂದರೆ ಗ್ರಾಫು ಎರಡು ಲಕ್ಷ ತೋರಿಸಿತು. ಮಿಸ್ತ್ರಿ ನೋಡಿ ನಕ್ಕ. ಇಷ್ಟು ತಿರುಗಿದ್ದರೆ ಚಕ್ರ ಇಷ್ಟು ಹೊತ್ತಿಗೆ ಬಾನೆಟ್ ಹರಿದುಕೊಂಡು ಹೋಗುತ್ತಿತ್ತು ಅಂದ. ಹದಿನಾಲ್ಕು ಅಂತ ತಿದ್ದಿದ ಮೇಲೆ ಅಂಕಿ ಅರ್ಧಕ್ಕೆ ಇಳಿದು ಸರಿಹೋಯಿತು. ಕೈ ಕೆಲಸ ಗೊತ್ತಿದ್ದವನೊಬ್ಬ ಪಕ್ಕದಲ್ಲಿಲ್ಲದಿದ್ದರೆ ಸೆನ್ಸರಿನ ಅಂಕಿಯೂ ದಾರಿ ತಪ್ಪಿಸುತ್ತದೆ ಅಂತ ಆವತ್ತು ನೋಡಿದೆ.

ಬರೀ ಟರ್ಬೋ ವೇಗ ಗೊತ್ತಾದರೆ ಸಾಲದು. ಆ ಹೊತ್ತಿನಲ್ಲಿ ಇಂಜಿನ್ ಎಷ್ಟು ತಿರುಗುತ್ತಿತ್ತು, ಡ್ರೈವರ್ ಎಕ್ಸಲರೇಟರ್ ಎಷ್ಟು ಒತ್ತಿದ್ದ, ಇಂಜಿನ್ನಿಗೆ ಗಾಳಿ ಯಾವ ಒತ್ತಡದಲ್ಲಿ ಹೋಗುತ್ತಿತ್ತು, ಹೊಗೆ ಎಷ್ಟು ಬಿಸಿ ಇತ್ತು, ಎಲ್ಲವೂ ಒಂದೇ ಗಡಿಯಾರದ ಮೇಲೆ ದಾಖಲಾಗಬೇಕು. ಇದರಲ್ಲಿ ಬಹಳಷ್ಟು ಗಾಡಿಯಲ್ಲೇ ಇರುತ್ತದೆ. ಗಾಡಿಯೊಳಗಿನ ಪುಟ್ಟ ಕಂಪ್ಯೂಟರುಗಳು ಕ್ಯಾನ್ ಬಸ್ ಅನ್ನುವ ಎರಡು ತಂತಿಗಳ ಮೇಲೆ ಮಾತಾಡಿಕೊಳ್ಳುತ್ತವೆ. ಅದನ್ನು 1986ರಲ್ಲಿ ಲೋಕಕ್ಕೆ ತೋರಿಸಿದ್ದು ನಮ್ಮ ಮೈಕೋದ ಜರ್ಮನ್ ತಾಯಿಮನೆ ಬಾಷ್. ಲಾರಿಗಳಲ್ಲಿ ಆ ಮಾತಿನ ವ್ಯಾಕರಣಕ್ಕೆ ಜೆ-1939 ಅಂತ ಹೆಸರು. ಯಾವ ಅಂಕಿ ಯಾವ ಖಾನೆಯಲ್ಲಿ ಅಂತ ಅದರಲ್ಲಿ ನಿಗದಿ ಆಗಿದೆ. ಟರ್ಬೋ ವೇಗಕ್ಕೂ ಒಂದು ಖಾನೆ ಇದೆ, ನಂಬರ್ 103, ನಾಲ್ಕು ನಾಲ್ಕು ಸುತ್ತಿನ ಮೆಟ್ಟಿಲಲ್ಲಿ ಬರೆಯುವ ಹಾಗೆ. ಆದರೆ ಈ ಗಾಡಿಯಲ್ಲಿ ಆ ಸೆನ್ಸರ್ ಇರಲಿಲ್ಲ. ಖಾನೆ ಖಾಲಿ! ಲೆಡ್ಜರಿನಲ್ಲಿ ಕಾಲಂ ಇದೆ, ಎಂಟ್ರಿ ಇಲ್ಲ. ಆ ಖಾಲಿ ಕಾಲಮ್ಮಿನಲ್ಲಿ ಏನಿರಬಹುದು ಅಂತ ವರ್ಕ್‌ಶಾಪಿನವರು ಊಹಿಸಿ ಒಬ್ಬನ ಪಗಾರ ಕತ್ತರಿಸಿದ್ದರು.

ಎಷ್ಟು ಸಲ ಬರೆದುಕೊಳ್ಳಬೇಕು ಅನ್ನುವುದೂ ಮುಖ್ಯವಂತೆ. ಗೇರ್ ಬದಲಿಸುವ ಒಂದೆರಡು ಸೆಕೆಂಡಿನಲ್ಲೇ ಟರ್ಬೋ ಹತ್ತಾರು ಸಾವಿರ ಸುತ್ತು ಇಳಿದು ಮತ್ತೆ ಏರುತ್ತದೆ. ನಿಮಿಷಕ್ಕೊಮ್ಮೆ ಬರೆದರೆ ಅದು ತಿಂಗಳ ಕೊನೆಯ ಬ್ಯಾಲೆನ್ಸ್ ನೋಡಿ ಖಾತೆ ಚೆನ್ನಾಗಿದೆ ಅಂದ ಹಾಗೆ. ನಡುವೆ ಎಷ್ಟು ಚೆಕ್ ಬೌನ್ಸ್ ಆಯಿತು ಅಂತ ತಿಳಿಯುವುದಿಲ್ಲ. ಹುಡುಗ ಸೆಕೆಂಡಿಗೆ ಇಪ್ಪತ್ತು ಸಲ ಅಂತ ಇಟ್ಟ.

ಪರೀಕ್ಷೆಗೆ ಆರಿಸಿದ್ದು ಕಸಾರಾ ಘಾಟಿ. ಆ ಲಾರಿ ಕಳಂಬೋಲಿಯಿಂದ ಉಕ್ಕಿನ ಕಾಯಿಲ್ ತುಂಬಿಕೊಂಡು ನಾಸಿಕ್ ಹಾದು ವಾಳೂಜ್‌ಗೆ ಹೋಗುವ ಗಾಡಿ. ಎರಡನೇ ಶನಿವಾರ ನನಗೆ ರಜೆ. ರೈಲಿನಲ್ಲಿ ಕಸಾರಾಕ್ಕೆ ಇಳಿದು ಅಲ್ಲಿಂದ ಲಾರಿ ಹತ್ತುವುದು ಅಂತಾಯಿತು. ಕಸಾರಾ ಸ್ಟೇಷನ್ನಿನಲ್ಲಿ ನಿಂತಾಗ ಒಂದು ತಮಾಷೆ ನೆನಪಾಯಿತು. ಅಲ್ಲಿಂದ ಇಗತ್‌ಪುರಿಗೆ ರೈಲು ಹಳಿಯ ಏರು 37ಕ್ಕೆ 1. ರೈಲನ್ನು ಹಿಂದಿನಿಂದ ತಳ್ಳಲು ಹೆಚ್ಚಿಗೆ ಇಂಜಿನ್ ಹಚ್ಚುತ್ತಾರೆ. ಅದರ ಹೆಸರು ಬ್ಯಾಂಕರ್! ನಮ್ಮ ಬ್ರಗಾಂಜಾ ಘಾಟಿಯಲ್ಲೂ, ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲೂ ಇವೇ ಬ್ಯಾಂಕರುಗಳು. ಏರು ಹತ್ತುವವನನ್ನು ಹಿಂದಿನಿಂದ ತಳ್ಳುವವನು ಬ್ಯಾಂಕರ್. ವೃತ್ತಿಗೆ ಇದಕ್ಕಿಂತ ಒಳ್ಳೆ ವ್ಯಾಖ್ಯಾನ ನನಗೆ ಯಾವ ಟ್ರೈನಿಂಗ್ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ಲಾರಿ ಬಂತು. ಕ್ಯಾಬಿನ್ನಿನಲ್ಲಿ ಡ್ರೈವರ್, ನಡುವೆ ಲ್ಯಾಪ್‌ಟಾಪ್ ಹಿಡಿದ ಹುಡುಗ, ಕಿಟಕಿ ಪಕ್ಕ ನಾನು. ಘಾಟಿ ಶುರುವಾಗುತ್ತಿದ್ದ ಹಾಗೆ ಟರ್ಬೋದ ಸೀಟಿ ಏರತೊಡಗಿತು. ಪರದೆಯ ಮೇಲೆ ನಾಲ್ಕು ಬಣ್ಣದ ಗೆರೆಗಳು. ಡ್ರೈವರ್ ಗೇರ್ ಇಳಿಸಿ ಹದವಾಗಿ ಓಡಿಸುತ್ತಿದ್ದ, ಇಂಜಿನ್ನಿನ ಗೆರೆ ಒಂದೇ ಸಮನೆ ಇತ್ತು. ಗಾಳಿಯ ಒತ್ತಡದ ಗೆರೆ ಮಾತ್ರ ಇರಬೇಕಾದ ಮಟ್ಟಕ್ಕೆ ಏರಲೇ ಇಲ್ಲ. ಟರ್ಬೋದ ಕೆಂಪು ಗೆರೆ ಮೇಲೆ ಮೇಲೆ ಹೋಗಿ ಆ ಮಾಡೆಲ್ಲಿನ ಮಿತಿ 1,20,000ವನ್ನು ದಾಟಿತು.

"ಮಾವ, ನೋಡಿ ಇಲ್ಲಿ. ಗಾಳಿ ಕಮ್ಮಿ, ಓಟ ಜಾಸ್ತಿ. ಎಲ್ಲೋ ಸೋರ್ತಿದೆ" ಅಂದವನೇ ಡ್ರೈವರನ ಕಡೆ ತಿರುಗಿ, "ಅಣ್ಣಾ, ಕಾಲು ಸ್ವಲ್ಪ ಸಡಿಲ ಮಾಡಿ" ಅಂದ. ಗೆರೆ ಇಳಿಯಿತು, ನನ್ನ ಉಸಿರೂ ಇಳಿಯಿತು.

ಆಮೇಲೆ ಅವನು ಹೇಳಿದ ಕಾರಣ ಹೀಗಿದೆ. ಇಂಜಿನ್ನಿನ ಕಂಪ್ಯೂಟರಿಗೆ ಬೇಕಾದದ್ದು ನಿಗದಿತ ಗಾಳಿ ಒತ್ತಡ. ಅದು ಸಿಗದಿದ್ದರೆ, ಟರ್ಬೈನನ್ನು ಬಳಸಿಕೊಂಡು ಹೋಗಲು ಬಿಡುವ ಹೊಗೆಯ ಬಾಗಿಲನ್ನು ಮುಚ್ಚಿ, ಇನ್ನಷ್ಟು ಹೊಗೆಯನ್ನು ಟರ್ಬೈನಿಗೆ ಕಳಿಸುತ್ತದೆ. ದಾರಿಯಲ್ಲಿ ಗಾಳಿ ಸೋರುತ್ತಿದ್ದರೆ ಎಷ್ಟು ತಿರುಗಿದರೂ ಒತ್ತಡ ಬರುವುದಿಲ್ಲ. ಕಂಪ್ಯೂಟರ್ ಇನ್ನೂ ತಿರುಗಿಸು ಅನ್ನುತ್ತದೆ. ಟರ್ಬೋ ತನ್ನ ಪ್ರಾಣ ಪಣಕ್ಕಿಟ್ಟು ತಿರುಗುತ್ತದೆ. ಜೊತೆಗೆ ಎತ್ತರ. ನಾಸಿಕ್ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕೆಳಗಿಗಿಂತ ಸುಮಾರು ಶೇಕಡ 7 ಕಡಿಮೆ. ತೆಳು ಗಾಳಿಯನ್ನು ಅಷ್ಟೇ ಒತ್ತಬೇಕಾದರೆ ಇನ್ನೂ ಜೋರಾಗಿ ತಿರುಗಬೇಕು. ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯದಿದ್ದರೆ ಬರುವುದೇ ಕರೀ ಹೊಗೆ. ಪಿಕಪ್ ಇಲ್ಲ, ಕರೀ ಹೊಗಿ ಬರಾಕತ್ತೈತಿ... ಡ್ರೈವರ್ ಎರಡು ತಿಂಗಳಿಂದ ಹೇಳುತ್ತಿದ್ದದ್ದು ಇದನ್ನೇ. ಅವನದ್ದು ಕಿವಿ ಮತ್ತು ಕಾಲಿನ ಲಾಗರ್, ಅದಕ್ಕೆ ಪ್ರಿಂಟರ್ ಇರಲಿಲ್ಲ ಅಷ್ಟೇ.

ಇಗತ್‌ಪುರಿ ದಾಟಿ ಚಹಾಕ್ಕೆ ನಿಲ್ಲಿಸಿದೆವು. ಡ್ರೈವರಿಗೆ ಯಾರೂ ಏನೂ ಹೇಳಿರಲಿಲ್ಲ. ಆತ ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಹಾಗೇ ಬಿಟ್ಟು, ಬೀಡಿ ಹುಡುಕಿದ. ಹೊಗೆಯ ಬಿಸಿಯ ಗೆರೆ ಮೆಲ್ಲಗೆ ಇಳಿಯಿತು, ಟರ್ಬೋದ ಗೆರೆ ತಳಕ್ಕೆ ಬಂದು ನೆಲೆಸಿತು. ಮೂರು ನಿಮಿಷ ಹತ್ತು ಸೆಕೆಂಡಿನ ಮೇಲೆ ಕೀ ತಿರುಗಿಸಿದ. ಅದೂ ಲಾಗಿನಲ್ಲಿ ದಾಖಲಾಯಿತು. ಹಿಂದಿನ ನಾಲ್ಕು ದಿನದ ಲಾಗಿನಲ್ಲೂ ಪ್ರತಿ ಲೋಡಿನ ನಂತರ ಹಾಗೆಯೇ ಇತ್ತು. ಆಗ ಲಾಗರ್ ಹಚ್ಚಿರುವುದು ಗೊತ್ತಿದ್ದೇ ಹಾಗೆ ಮಾಡಿರಬಹುದಲ್ಲ ಅಂತ ನನ್ನೊಳಗಿನ ಇನ್ಸ್‌ಪೆಕ್ಷನ್ ಅಧಿಕಾರಿ ಕೇಳಿದ. ಆದರೆ ಮಿತಿ ಮೀರಿದ ಕೆಂಪು ಗೆರೆಗೆ ಡ್ರೈವರನ ಕೀಲಿಕೈ ಕಾರಣವಲ್ಲ, ಅದನ್ನು ಯಾರೂ ನಟಿಸಲು ಆಗುವುದಿಲ್ಲ.

ಅಂಬಡ್‌ನಲ್ಲಿ ಮಿಸ್ತ್ರಿ ಗಾಳಿ ದಾರಿಯ ಎರಡೂ ಬಾಯಿ ಮುಚ್ಚಿ, ಒಳಗೆ ಗಾಳಿ ತುಂಬಿ, ಸೋಪಿನ ನೀರು ಹಚ್ಚಿದ. ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಕ್ಲಾಂಪ್ ಅಡಿಯಲ್ಲಿ ಗುಳ್ಳೆಗಳು ಎದ್ದವು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಬಿಚ್ಚಿ ನೋಡಿದರೆ ಒಳಪದರ ಬಿಟ್ಟು ಸೀಳಿತ್ತು. ಗಾಡಿ ನಿಂತಾಗ ಮುಚ್ಚಿಕೊಳ್ಳುವ ಸೀಳು, ಒತ್ತಡ ಬಿದ್ದಾಗ ತೆರೆದುಕೊಳ್ಳುತ್ತಿತ್ತು. ಎರಡು ಟರ್ಬೋ ಬದಲಾದವು, ಹೋಸು ಹಳೆಯದೇ ಉಳಿದಿತ್ತು. ಹೊಸ ಹೋಸು ಹಾಕಿ ಯೇವಲಾ, ವೈಜಾಪುರ ಹಾದು ವಾಳೂಜ್‌ಗೆ ಹೋದ ಲಾಗ್ ಅನ್ನು ಹುಡುಗ ಆಮೇಲೆ ತೋರಿಸಿದ. ಗಾಳಿಯ ಗೆರೆ ತನ್ನ ಜಾಗದಲ್ಲಿ, ಕೆಂಪು ಗೆರೆ ಮಿತಿಯ ಒಳಗೆ. ಮುಂದಿನ ವಾರ ಮತ್ತೆ ಕಸಾರಾ ಏರಿಸಿ ನೋಡಿದರು. ಅಲ್ಲೂ ದಾಟಲಿಲ್ಲ.

ಮಾಲೀಕ ಕೆಟ್ಟವನಲ್ಲ. ಗ್ರಾಫು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಕತ್ತರಿಸಿದ ಹಣ ದೀಪಾವಳಿಗೆ ಮುಂಚೆ ವಾಪಸ್ ಕೊಟ್ಟ, ಡ್ರೈವರನ್ನು ಬಿಡಿಸಲಿಲ್ಲ. ಖಾತೆ ಎರಡು ತಿಂಗಳಲ್ಲಿ ರೆಗ್ಯುಲರ್ ಆಯಿತು.

ಇಲ್ಲಿಗೆ ಮುಗಿಸಿದ್ದರೆ ಕಥೆ ಸುಖಾಂತ. ಆದರೆ ಮಾಲೀಕನಿಗೆ ಈ ಪೆಟ್ಟಿಗೆಯ ಮೇಲೆ ಮನಸ್ಸಾಯಿತು. ಎರಡೂ ಗಾಡಿಗೆ ಲಾಗರ್ ಹಚ್ಚಿ, ಯಾರು ಎಲ್ಲಿ ನಿಲ್ಲಿಸಿದ, ಎಷ್ಟು ಒತ್ತಿದ, ಎಷ್ಟು ಹೊತ್ತು ಐಡಲ್ ಬಿಟ್ಟು ಡೀಸೆಲ್ ಸುಟ್ಟ ಅಂತ ನೋಡುತ್ತೇನೆ ಅಂದ. ಅವನ ಡೀಸೆಲ್, ಅವನ ಗಾಡಿ, ತಪ್ಪೇನಿಲ್ಲ. ಆದರೆ ಅದೇ ಮೂರು ನಿಮಿಷದ ಐಡಲ್ ಒಂದು ವರದಿಯಲ್ಲಿ ಟರ್ಬೋ ಉಳಿಸಿದ ಶಿಸ್ತು, ಇನ್ನೊಂದು ವರದಿಯಲ್ಲಿ ಡೀಸೆಲ್ ಪೋಲು! ಯಾರು ಓದುತ್ತಾರೆ ಅನ್ನುವುದರ ಮೇಲೆ.

ಡ್ರೈವರ್ ಹೇಳಿದ ಮಾತು ನನಗೆ ಹಿಡಿಸಿತು. "ಹಚ್ಚಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನನಗೂ ತೋರಸ್ರಿ."

ನೋಡಿ, ಬ್ಯಾಂಕಿನಲ್ಲಿ ಲೆಡ್ಜರ್ ನಮ್ಮ ಹತ್ತಿರ ಇರುತ್ತದೆ. ಅದರಲ್ಲಿ ನಾವು ಏನು ಬರೆದರೂ ಗ್ರಾಹಕ ನಂಬಬೇಕು. ಆದರೆ ಅವನ ಕೈಯಲ್ಲಿ ಪಾಸ್‌ಬುಕ್ ಇರುತ್ತದೆ. ನಾವು ಬರೆದದ್ದನ್ನೇ ಅವನೂ ಓದಬಹುದು, ತಪ್ಪಿದ್ದರೆ ಕೌಂಟರಿಗೆ ಬಂದು ಜಗಳ ಆಡಬಹುದು. ಮೂವತ್ತು ವರ್ಷದ ಸರ್ವಿಸಿನಲ್ಲಿ ಅಂಥ ಜಗಳ ಎಷ್ಟೋ ನೋಡಿದ್ದೇನೆ, ಎಷ್ಟೋ ಸಲ ಗ್ರಾಹಕನೇ ಸರಿ ಇರುತ್ತಿದ್ದ. ಡ್ರೈವರ್ ಕೇಳಿದ್ದು ಅದನ್ನೇ. ಈಗಿನ ಹೊಸ ಲಾರಿಗಳಲ್ಲಿ ಕಂಪನಿಯಿಂದಲೇ ಪೆಟ್ಟಿಗೆ ಬರುತ್ತದೆ, ಅಂಕಿಗಳು ಗಾಳಿಯಲ್ಲೇ ಮಾಲೀಕನ ಮೊಬೈಲಿಗೆ ಹೋಗುತ್ತವೆ. ಸ್ಟೀರಿಂಗ್ ಹಿಡಿದವನಿಗೆ ಅದರ ಪ್ರತಿ ಸಿಗುತ್ತದೆಯೇ ಅಂತ ನಾನು ಲಾರಿ ಸಾಲ ಕೇಳಿಕೊಂಡು ಬಂದವರನ್ನೆಲ್ಲ ಈಗ ಕೇಳುತ್ತೇನೆ. ಹೆಚ್ಚಿನವರು ವಿಚಿತ್ರವಾಗಿ ನೋಡುತ್ತಾರೆ. ನಮ್ಮ ಈ ಮಾಲೀಕ ಮಾತ್ರ ಒಪ್ಪಿದ. ತಿಂಗಳಿಗೊಮ್ಮೆ ವರದಿ ಡ್ರೈವರನ ವಾಟ್ಸ್ಯಾಪಿಗೂ ಹೋಗುತ್ತದೆ.

ಕಸಾರಾದ ಆ ಗ್ರಾಫಿನ ಪ್ರಿಂಟನ್ನು ಡ್ರೈವರ್ ನನ್ನಿಂದ ಕೇಳಿ ತೆಗೆದುಕೊಂಡ. ಲ್ಯಾಮಿನೇಷನ್ ಮಾಡಿಸಿ ಆರ್‌ಸಿ, ಇನ್ಶೂರೆನ್ಸ್ ಕಾಗದಗಳ ಜೊತೆ ಇಟ್ಟಿದ್ದಾನಂತೆ.

ಕೊನೆಗೆ, ಟರ್ಬೋ ಇರುವ ಕಾರು ಓಡಿಸುವ ಓದುಗರಿಗೆ ಒಂದು ಮಾತು. ಸಮೃದ್ಧಿ ಮಹಾಮಾರ್ಗದಲ್ಲೋ, ಪುಣೆ ಎಕ್ಸ್‌ಪ್ರೆಸ್‌ವೇನಲ್ಲೋ ಜೋರಾಗಿ ಬಂದು ಢಾಬಾದಲ್ಲಿ ನಿಲ್ಲಿಸಿದಾಗ ಒಂದು ನಿಮಿಷ ಇಂಜಿನ್ ಹಾಗೇ ಬಿಡಿ. ಎಣ್ಣೆ ಹರಿಯುತ್ತಾ ಆ ದಂಡವನ್ನು ತಣಿಸಲಿ. ಇಲ್ಲದಿದ್ದರೆ ನಿಂತ ಎಣ್ಣೆ ಅಲ್ಲೇ ಸುಟ್ಟು ಇದ್ದಿಲಾಗುತ್ತದೆ. ಪಿಕಪ್ ಕಡಿಮೆಯಾಗಿ ಕಪ್ಪು ಹೊಗೆ ಬಂದರೆ, ಟರ್ಬೋ ಬದಲಿಸುವ ಮುಂಚೆ ಹೋಸು ನೋಡಿಸಿ. ಡ್ರೈವರ್ ಇಟ್ಟುಕೊಂಡಿದ್ದರೆ, ಆತ ಏನು ಹೇಳುತ್ತಾನೆ ಅಂತ ಮೊದಲು ಕೇಳಿ.